ಹಾಸಿಗೆ ಹಿಡಿದವರಿಗೆ ಮಂಚದ ಮೇಜು: ಆಯ್ಕೆ ಮತ್ತು ಬಳಕೆ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ದೀರ್ಘಕಾಲ ಹಾಸಿಗೆ ಹಿಡಿಯುವವರಲ್ಲಿ ಪಾರ್ಶ್ವವಾಯು ಪೀಡಿತರು ಹಾಗೂ ಸೊಂಟದ ಮೂಳೆ ಮುರಿದ ವೃದ್ಧರಲ್ಲದೆ, ಕೊನೆ ಕೊಯ್ಯುವಾಗ ಅಥವಾ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವಾಗ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರೂ ಇದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದ ನಂತರ ಇವರ ಆರೈಕೆಯ ಹೊಣೆ ಮನೆಮಂದಿಯದಾಗುತ್ತದೆ. ತುಮರಿಯಂತಹ ಹಿನ್ನೀರಿನಾಚೆಯ ಊರುಗಳಲ್ಲಿ, ತೋಟದ ನಡುವಿನ ಒಂಟಿಮನೆಗಳಲ್ಲಿ ಫಿಸಿಯೋಥೆರಪಿ ತಜ್ಞರ ಭೇಟಿ ಪದೇ ಪದೇ ಸಾಧ್ಯವಾಗದು. ಹೀಗಾಗಿ ಮಲಗಿದವರಿಗೆ ಮಲಗಿದಲ್ಲಿಯೇ ಗಂಜಿ ಕುಡಿಸುವ ರೂಢಿ ಅನೇಕ ಮನೆಗಳಲ್ಲಿ ಬೆಳೆದಿದೆ.

ಇದು ಅಕ್ಕರೆಯಿಂದ ಮಾಡುವ ಕೆಲಸವಾದರೂ ಅಪಾಯಕಾರಿ. ಅಂಗಾತ ಮಲಗಿದವರಿಗೆ ತಿನ್ನಿಸಿದ ಆಹಾರವು ಶ್ವಾಸನಾಳಕ್ಕೆ ಇಳಿಯಬಹುದು. ಅದರಿಂದ ನ್ಯುಮೋನಿಯಾ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಪಾರ್ಶ್ವವಾಯುವಿನ ನಂತರ ನುಂಗುವ ಶಕ್ತಿ ಕುಂದಿರುವವರಲ್ಲಿ ಈ ಭಯ ಇನ್ನೂ ಹೆಚ್ಚು. ಎರಡನೆಯದಾಗಿ, ಕೆಲಸ ಮಾಡಬಲ್ಲ ಕೈಯೂ ಬಳಕೆಯಿಲ್ಲದೆ ಸೊರಗುತ್ತದೆ. ರೋಗಿಯನ್ನು ಕೂರಿಸಿ, ಮುಂದೆ ಮೇಜೊಂದನ್ನಿಟ್ಟು, ತನ್ನ ಕೈಯಿಂದಲೇ ಉಣ್ಣಲು ಬಿಡುವುದು ಇದಕ್ಕೆ ಸರಳ ಪರಿಹಾರ.

ಆಸ್ಪತ್ರೆಗಳಲ್ಲಿ ಕಾಣುವ ಓವರ್‌ಬೆಡ್ ಟೇಬಲ್‌ಗೆ ಒಂದೇ ಬದಿಯಲ್ಲಿ ಕಂಬವಿದ್ದು, ಗಾಲಿಗಳುಳ್ಳ ಬುಡವು ಮಂಚದ ಅಡಿಗೆ ಸರಿಯುತ್ತದೆ. ಹಲಗೆಯನ್ನು ಏರಿಸಬಹುದು, ಇಳಿಸಬಹುದು. ಕೊಳ್ಳುವ ಮುನ್ನ ಮನೆಯ ಮಂಚವನ್ನು ನೋಡಬೇಕು. ಮಲೆನಾಡಿನ ಹಳೆಯ ಮರದ ಮಂಚಗಳಲ್ಲಿ ಕೆಲವು ತೀರ ತಗ್ಗು. ಕೆಲವಕ್ಕೆ ಅಡಿಯಲ್ಲಿ ಪೆಟ್ಟಿಗೆಯಿರುತ್ತದೆ. ಅಂತಹ ಮಂಚದ ಕೆಳಗೆ ಈ ಬುಡ ತೂರುವುದೇ ಇಲ್ಲ. ಅರ್ಧ ಗೇಣಿಗಿಂತ ಹೆಚ್ಚು ತೆರವಿಲ್ಲದಿದ್ದರೆ ಹಣ ವ್ಯರ್ಥ. ಮಣ್ಣಿನ ನೆಲದಲ್ಲಿ ಗಾಲಿಗಳು ಉರುಳುವುದೂ ಕಷ್ಟ.

ಇಂತಹ ಮನೆಗಳಿಗೆ ಊರಿನ ಬಡಗಿಯಿಂದ ಮಾಡಿಸಿದ ಗಿಡ್ಡಕಾಲಿನ ಮೇಜೇ ಲೇಸು. ಇದನ್ನು ಹಾಸಿಗೆಯ ಮೇಲೆ, ತೊಡೆಗಳಿಗೆ ಅಡ್ಡಲಾಗಿ ಇಡಲಾಗುತ್ತದೆ. ನೆಲದ ಮೇಲೆ ಹಾಸಿಗೆ ಹಾಸಿದವರಿಗೂ ಒದಗುತ್ತದೆ. ಹಲಗೆ ಸುಮಾರು 60 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲವಿದ್ದರೆ ಸಾಕು. ಲೋಟ ಜಾರದಂತೆ ಸುತ್ತಲೂ 2 ಸೆಂ.ಮೀ. ಅಂಚು ಬೇಕು, ಎದೆಗೆ ತಾಗುವ ಬದಿಯ ಅಂಚನ್ನು ಮಾತ್ರ ಬಿಟ್ಟು, ಅಲ್ಲಿ ಹಲಗೆಯನ್ನು ದುಂಡಗೆ ಉಜ್ಜಿಸತಕ್ಕದ್ದು. ಹಲಸಿನ ಹಲಗೆ ಗಟ್ಟಿಯಾದರೂ ಭಾರ. ದಿನಕ್ಕೆ ನಾಲ್ಕಾರು ಬಾರಿ ಎತ್ತಿಡುವವರಿಗೆ ಹಗುರ ಮರವೇ ಅನುಕೂಲ. ಅಡಿಕೆ ದಬ್ಬೆಯ ಸಂದುಗಳಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುವುದರಿಂದ ಹಲಗೆಗೆ ಅದು ತಕ್ಕುದಲ್ಲ.

ಕಾಲಿನ ಎತ್ತರವನ್ನು ಅಂದಾಜಿನಿಂದ ನಿರ್ಧರಿಸಬಾರದು. ರೋಗಿ ಕುಳಿತು, ಭುಜ ಸಡಿಲಿಸಿ, ಮೊಣಕೈ ಮಡಿಸಿದಾಗ ಹಾಸಿಗೆಯಿಂದ ಮೊಣಕೈವರೆಗಿನ ಅಂತರವೇ ಹಲಗೆಯ ಎತ್ತರ. ಮೇಜು ಎತ್ತರವಾದರೆ ಭುಜ ನೋಯುತ್ತದೆ, ತಗ್ಗಾದರೆ ಬೆನ್ನು ಬಾಗುತ್ತದೆ. ಎಷ್ಟೇ ಒಳ್ಳೆಯ ಮೇಜಾದರೂ ಕೂರಿಸುವ ರೀತಿ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ತಲೆಭಾಗ ಏರಿಸಬಹುದಾದ ಮಂಚವಿಲ್ಲದಿದ್ದಲ್ಲಿ ಕುರ್ಚಿಯೊಂದನ್ನು ತಲೆಯ ಕಡೆ ಬೋರಲು ಹಾಕಿ, ಅದರ ಇಳಿಜಾರು ಬೆನ್ನಿನ ಮೇಲೆ ದಿಂಬುಗಳನ್ನು ಜೋಡಿಸಬಹುದು. ಮಂಡಿಗಳ ಕೆಳಗೆ ಸಣ್ಣ ದಿಂಬಿಟ್ಟರೆ ಮೈ ಕೆಳಕ್ಕೆ ಜಾರುವುದಿಲ್ಲ. ಉಂಡ ನಂತರ ಕನಿಷ್ಠ 30 ನಿಮಿಷ ಹಾಗೆಯೇ ಕೂರಿಸಿ, ಬಳಿಕ ಮಲಗಿಸುವುದು.

ಪಾರ್ಶ್ವವಾಯು ಪೀಡಿತರ ತಟ್ಟೆ, ಲೋಟಗಳು ಶಕ್ತಿಯಿರುವ ಕೈಗೆ ಎಟಕುವಂತಿರಲಿ. ಸೋತ ಕೈಯನ್ನು ಕೆಳಗೆ ಜೋತುಬಿಡದೆ, ಅಂಗೈ ಬಿಡಿಸಿ ಹಲಗೆಯ ಮೇಲಿರಿಸಬೇಕು. ಇದರಿಂದ ಭುಜದ ಕೀಲಿಗೆ ಆಸರೆ ದೊರೆಯುತ್ತದೆ. ಸೌದೆ ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಬೆಂದು ಶ್ವಾಸಕೋಶ ಕೆಟ್ಟ ಮಹಿಳೆಯರಿಗೆ ಮೇಜಿನಿಂದ ಮತ್ತೊಂದು ಉಪಯೋಗವಿದೆ: ಉಬ್ಬಸ ಹೆಚ್ಚಿದಾಗ ಅದರ ಮೇಲೆ ದಿಂಬಿಟ್ಟು, ಮುಂದೆ ಬಾಗಿ ತೋಳೂರಿದರೆ ಉಸಿರಾಟ ಸಲೀಸಾಗುತ್ತದೆ. ಗಿಡ್ಡಕಾಲಿನ ಮೇಜೇ ಇದಕ್ಕೆ ಸರಿ. ಗಾಲಿಯ ಮೇಜಾದರೆ ಗಾಲಿಗಳಿಗೆ ಬ್ರೇಕ್ ಹಾಕಿ, ಒಬ್ಬರು ಹಿಡಿದಿರಬೇಕು. ಬೆನ್ನುಹುರಿಗೆ ಪೆಟ್ಟಾದವರನ್ನು ಮಾತ್ರ ವೈದ್ಯರ ಅನುಮತಿಯಿಲ್ಲದೆ ಕೂರಿಸಕೂಡದು.

ಮೇಜನ್ನು ಹಿಡಿದು ಏಳಲು ರೋಗಿಗೆ ಎಂದಿಗೂ ಬಿಡಬಾರದು; ಗಾಲಿಯುಳ್ಳದ್ದು ಜಾರುತ್ತದೆ, ಗಿಡ್ಡಕಾಲಿನದು ಮಗುಚುತ್ತದೆ. ಸ್ಪರ್ಶಜ್ಞಾನವಿಲ್ಲದ ಕಾಲಿನ ಮೇಲೆ ಬಿಸಿ ಕಷಾಯ ಚೆಲ್ಲಿದರೆ ಸುಟ್ಟದ್ದು ರೋಗಿಗೆ ತಿಳಿಯದು, ಆದ್ದರಿಂದ ಉಗುರುಬೆಚ್ಚಗಾದ ಮೇಲೆಯೇ ಕೊಡುವುದು. ಮೇಜು ಮುಂದಿದೆಯೆಂದು ದಿನವಿಡೀ ಕೂರಿಸಿದರೆ ಬೆನ್ನಿನ ಕೆಳತುದಿಯಲ್ಲಿ ಒತ್ತಡದ ಹುಣ್ಣಾಗುತ್ತದೆ. ಊಟವಾಗಿ ಅರ್ಧ ಗಂಟೆಯ ಬಳಿಕ ಅದನ್ನು ತೆಗೆದಿಟ್ಟು, ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮಳೆಗಾಲದಲ್ಲಿ ಹಲಗೆಯನ್ನು ಒರೆಸಿ, ಒಲೆಯ ಬಳಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಗ್ರಾಮ ಪಂಚಾಯತಿಗಳು ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕಾಗಿದೆ. ಅರ್ಹರ ಮನೆಯವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಪಂಚಾಯತಿಗೆ ಅರ್ಜಿ ಸಲ್ಲಿಸಿ, ಈ ನಿಧಿಯಿಂದ ನೆರವು ಕೋರಬಹುದು. ಅರ್ಜಿಯೊಂದಿಗೆ ಮಂಚದ ಎತ್ತರ, ಅದರ ಅಡಿಯ ತೆರವು ಹಾಗೂ ರೋಗಿಯ ಮೊಣಕೈ ಎತ್ತರವನ್ನು ಬರೆದುಕೊಟ್ಟರೆ, ಮನೆಗೆ ಹೊಂದದ ಮೇಜು ಬಂದು ಮೂಲೆ ಸೇರುವುದು ತಪ್ಪುತ್ತದೆ.