ಡ್ರಮ್ ಮಾಡ್ಯೂಲ್: ಪೆಟ್ಟನ್ನು ಅಳೆಯುವ ಉಪಕರಣ

ಮೃದಂಗದ ನಾದ ಹುಟ್ಟುವುದು ಅದರ ಪೊರೆಯಲ್ಲಿ. ಬಿಗಿದು ಕಟ್ಟಿದ ಸಾಧಾರಣ ವೃತ್ತಾಕಾರದ ಪೊರೆಯನ್ನು ಬಡಿದರೆ ಮೂಲಸ್ವರದ ಜೊತೆಗೆ ಅದರ 1.59, 2.14, 2.30 ಪಟ್ಟು ಆವೃತ್ತಿಯ ಮೇಲ್ಸ್ವರಗಳು ಏಳುತ್ತವೆ. ಇವು ಪೂರ್ಣಾಂಕ ಪಟ್ಟುಗಳಲ್ಲವಾದ್ದರಿಂದ ಕಿವಿಗೆ ಸ್ಪಷ್ಟವಾದ ಶ್ರುತಿ ಸಿಗುವುದಿಲ್ಲ. ಮೃದಂಗದ ಪೊರೆಯ ನಡುವೆ ಮೆತ್ತಿದ ಕರಣೆ ಈ ಮೇಲ್ಸ್ವರಗಳನ್ನು ಪೂರ್ಣಾಂಕ ಪಟ್ಟುಗಳ ಹತ್ತಿರಕ್ಕೆ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿಯೇ ವಿವರಿಸಿದ್ದರು.

ಎಲೆಕ್ಟ್ರಾನಿಕ್ ಡ್ರಮ್‌ನಲ್ಲಿ ಹೀಗಲ್ಲ. ಅದರ ರಬ್ಬರ್ ಅಥವಾ ಜಾಲರಿ ಪ್ಯಾಡನ್ನು ಬಡಿದರೆ ಕೇಳುವುದು ಮಂಕಾದ 'ಟಪ್' ಶಬ್ದ ಮಾತ್ರ. ನಮಗೆ ಕೇಳಿಸುವ ಡ್ರಮ್ಮಿನ ನಾದ ಬರುವುದು ಪಕ್ಕದಲ್ಲಿರುವ ಮಾಡ್ಯೂಲ್ ಎಂಬ ಪೆಟ್ಟಿಗೆಯಿಂದ. ಪ್ಯಾಡಿನಿಂದ ಅದಕ್ಕೆ ತಲಪುವುದು ಒಂದು ಪುಟ್ಟ ವಿದ್ಯುತ್ ಸ್ಪಂದ ಅಷ್ಟೆ. ಆದ್ದರಿಂದ ಮಾಡ್ಯೂಲನ್ನು ವಾದ್ಯ ಎನ್ನುವುದಕ್ಕಿಂತ ಮೊದಲು ಅಳತೆಯ ಉಪಕರಣ ಎಂದು ತಿಳಿಯುವುದು ಒಳ್ಳೆಯದು. ಸರಿಹೊಂದಿಸದ ತಕ್ಕಡಿ ಸುಳ್ಳು ತೂಕ ತೋರಿಸುವಂತೆ, ಸರಿಹೊಂದಿಸದ ಮಾಡ್ಯೂಲ್ ನುಡಿಸುವವರ ಕೈಯ ಬಗೆಗೆ ಸುಳ್ಳು ಹೇಳುತ್ತದೆ.

ಪ್ಯಾಡಿನ ಒಳಗೆ

ಪ್ಯಾಡಿನ ಅಡಿಯಲ್ಲಿ ಹಿತ್ತಾಳೆಯ ತೆಳು ಬಿಲ್ಲೆಯೊಂದಿದ್ದು, ಅದಕ್ಕೆ ಪೀಜೋವಿದ್ಯುತ್ ಗುಣವುಳ್ಳ ಪಿಂಗಾಣಿ ವಸ್ತುವನ್ನು ಅಂಟಿಸಿರುತ್ತಾರೆ. ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಂಶ ಕಾಣಿಸಿಕೊಳ್ಳುವುದನ್ನು ಪಿಯರಿ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ಇಲ್ಲಿ ನಡೆಯುವುದೂ ಅದೇ. ಕೋಲಿನ ಪೆಟ್ಟಿಗೆ ಬಿಲ್ಲೆ ಬಾಗುತ್ತದೆ, ವೋಲ್ಟೇಜ್ ಥಟ್ಟನೆ ಏರುತ್ತದೆ, ಅನಂತರ ತೂಗಾಡುತ್ತ ಕೆಲವು ಮಿಲಿಸೆಕೆಂಡುಗಳಲ್ಲಿ ಕುಗ್ಗುತ್ತದೆ.

ಈ ಸ್ಪಂದವನ್ನು ನೋಡಿ ಮಾಡ್ಯೂಲ್ ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ: ಪೆಟ್ಟು ನಿಜವಾಗಿ ಬಿತ್ತೇ? ಯಾವ ಪ್ಯಾಡಿನ ಮೇಲೆ? ಎಷ್ಟು ಜೋರಾಗಿ? ಪೆಟ್ಟಿನ ಬಲಕ್ಕೆ 1ರಿಂದ 127ರವರೆಗಿನ ಒಂದು ಸಂಖ್ಯೆಯನ್ನು ಕೊಟ್ಟು, ಅದಕ್ಕೆ ತಕ್ಕ ಧ್ವನಿಯನ್ನು ನೆನಪಿನ ಕೋಶದಿಂದ ಹೊರಡಿಸುತ್ತದೆ. 1983ರಲ್ಲಿ ಪ್ರಕಟವಾದ 'ಮಿಡಿ' ಎಂಬ ಸಂವಹನ ನಿಯಮಾವಳಿಯಿಂದ ಬಂದ ಈ ಸಂಖ್ಯೆಗೆ 'ವೆಲಾಸಿಟಿ' ಎಂದು ಹೆಸರು.

ಹೊಂದಿಸುವ ಕ್ರಮ

ವಿದ್ಯುತ್ ಆರಿಸಿ, ಧ್ವನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಪ್ರತಿ ಪ್ಯಾಡಿನ ತಂತಿಯನ್ನೂ ಅದರದೇ ಕಿಂಡಿಗೆ ಸೇರಿಸಿ. ಮಾಡ್ಯೂಲನ್ನು ಚಾಲೂ ಮಾಡಿದ ಮೇಲೆ ಮೆನುವಿನಲ್ಲಿ ಪ್ಯಾಡಿನ ಬಗೆಯನ್ನು ಆರಿಸಿ. ರಬ್ಬರ್ ಪ್ಯಾಡ್ ಮತ್ತು ಜಾಲರಿ ಪ್ಯಾಡ್ ಬೇರೆ ಬೇರೆ ರೀತಿಯಲ್ಲಿ ಕಂಪಿಸುವುದರಿಂದ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಆಮೇಲೆ ಈ ಕೆಳಗಿನ ನಾಲ್ಕನ್ನು ಇದೇ ಕ್ರಮದಲ್ಲಿ ಸರಿಪಡಿಸಬೇಕು.

1. ಸೆನ್ಸಿಟಿವಿಟಿ: ನೀವು ಹೊಡೆಯಬಹುದಾದ ಅತಿ ಜೋರಿನ ಪೆಟ್ಟಿಗೆ ಸೂಚಕ 127ನ್ನು ಆಗಷ್ಟೇ ಮುಟ್ಟಬೇಕು. ಇದನ್ನು ಹೆಚ್ಚಾಗಿ ಇಟ್ಟರೆ ಮಧ್ಯಮ ಪೆಟ್ಟುಗಳೂ 127ಕ್ಕೆ ಏರಿ, ಜೋರು–ಮೆದುಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ.

2. ಥ್ರೆಶೋಲ್ಡ್: ಇದು ಹೊಸ್ತಿಲು. ಇದನ್ನು ದಾಟದ ಸ್ಪಂದವನ್ನು ಮಾಡ್ಯೂಲ್ ಕಡೆಗಣಿಸುತ್ತದೆ. ಹೊಸ್ತಿಲು ತೀರ ತಗ್ಗಾದರೆ ನೆಲದ ಅದುರಿಗೂ ಡ್ರಮ್ ನುಡಿಯುತ್ತದೆ. ಎತ್ತರವಾದರೆ ಮೆದುವಾದ ಪೆಟ್ಟುಗಳು ಕಾಣೆಯಾಗುತ್ತವೆ. ಮೊದಲು ತಗ್ಗಿಸಿ, ಸುಳ್ಳು ಧ್ವನಿಗಳು ನಿಲ್ಲುವವರೆಗೆ ಮಾತ್ರ ಏರಿಸಿ.

3. ಸ್ಕ್ಯಾನ್ ಮತ್ತು ಮಾಸ್ಕ್ ಅವಧಿ: ಹೊಸ್ತಿಲು ದಾಟಿದ ಸ್ಪಂದದ ಶಿಖರವನ್ನು ಅಳೆಯಲು ಮಾಡ್ಯೂಲ್ ಸ್ವಲ್ಪ ಕಾಯಬೇಕು. ಇದು ಸ್ಕ್ಯಾನ್ ಅವಧಿ, ಸಾಮಾನ್ಯವಾಗಿ ಒಂದೆರಡು ಮಿಲಿಸೆಕೆಂಡು. ಆಮೇಲೆ ಪ್ಯಾಡಿನ ತೂಗಾಟವನ್ನೇ ಎರಡನೆಯ ಪೆಟ್ಟೆಂದು ಎಣಿಸದಿರಲು ಕೆಲಹೊತ್ತು ಕಣ್ಣು ಮುಚ್ಚಿಕೊಳ್ಳುತ್ತದೆ. ಇದು ಮಾಸ್ಕ್ ಅವಧಿ. ಸೆಕೆಂಡಿಗೆ 20 ಪೆಟ್ಟು ಬಿದ್ದರೆ ಎರಡು ಪೆಟ್ಟುಗಳ ನಡುವೆ 50 ಮಿಲಿಸೆಕೆಂಡು ಇರುತ್ತದೆ. ಮಾಸ್ಕ್ ಅವಧಿ 60 ಮಿಲಿಸೆಕೆಂಡಾದರೆ ಒಂದು ಬಿಟ್ಟು ಒಂದು ಪೆಟ್ಟು ಮಾಯವಾಗುತ್ತದೆ!

4. ಕ್ರಾಸ್‌ಟಾಕ್: ಎಲ್ಲ ಪ್ಯಾಡ್‌ಗಳೂ ಒಂದೇ ಕೊಳವೆಯ ಚೌಕಟ್ಟಿಗೆ ಬಿಗಿದಿರುವುದರಿಂದ ಒಂದಕ್ಕೆ ಬಿದ್ದ ಪೆಟ್ಟು ಇನ್ನೊಂದನ್ನೂ ಅದುರಿಸುತ್ತದೆ. ಮೊದಲು ತಿರುಪುಗಳನ್ನು ಬಿಗಿಮಾಡಿ, ಪ್ಯಾಡ್‌ಗಳು ಒಂದನ್ನೊಂದು ತಾಗದಂತೆ ಸರಿಸಿ. ಉಳಿದ ದೋಷಕ್ಕಷ್ಟೇ ಮೆನುವನ್ನು ಬಳಸಿ.

ಈ ನಾಲ್ಕರಲ್ಲೂ ಇರುವುದು ಒಂದೇ ತತ್ತ್ವ: ಬೇಕಾದ ಸಂಕೇತವನ್ನು ಬೇಡದ ಗದ್ದಲದಿಂದ ಬೇರ್ಪಡಿಸುವುದು. ಗದ್ದಲವನ್ನು ಪೂರ್ತಿ ಅಳಿಸಲು ಹೊರಟರೆ ಸಂಕೇತದ ಒಂದಷ್ಟು ಭಾಗವೂ ಅಳಿದುಹೋಗುತ್ತದೆ.

ತಡವೆಷ್ಟು?

ಪೆಟ್ಟಿಗೂ ಧ್ವನಿಗೂ ನಡುವೆ ಅಂತರ ಇದ್ದೇ ಇರುತ್ತದೆ. ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಹರಿಯುತ್ತವೆ. ಒಂದು ಪೆಟ್ಟಿನ ಸಂದೇಶಕ್ಕೆ 30 ಬಿಟ್ ಬೇಕು, ಅಂದರೆ ಸುಮಾರು 1 ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 10 ಮಿಲಿಸೆಕೆಂಡಿನ ತಡವೆಂದರೆ ಡ್ರಮ್ಮಿನಿಂದ 3.4 ಮೀಟರ್ ದೂರ ನಿಂತು ಕೇಳಿದಂತೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ತಡ 100 ಮಿಲಿಸೆಕೆಂಡನ್ನೂ ಮೀರುವುದುಂಟು. ಅದು 34 ಮೀಟರ್ ದೂರಕ್ಕೆ ಸಮ! ಅಷ್ಟು ತಡದಲ್ಲಿ ಲಯ ಹಿಡಿಯುವುದು ನುರಿತವರಿಗೂ ಕಷ್ಟ. ಆದ್ದರಿಂದ ತಂತಿಯಿರುವ ಹೆಡ್‌ಫೋನನ್ನೇ ಬಳಸಿ.

ತರಗತಿಯಲ್ಲೊಂದು ಪ್ರಯೋಗ

ಬಜರ್‌ನಲ್ಲಿ ಬಳಸುವ ಪೀಜೋ ಬಿಲ್ಲೆಯೊಂದನ್ನು ಮರದ ಹಲಗೆಗೆ ಅಂಟಿಸಿ. ಅದಕ್ಕೆ ಸಮಾಂತರವಾಗಿ 1 ಮೆಗಾಓಮ್ ರೋಧಕವನ್ನೂ, ರಕ್ಷಣೆಗಾಗಿ 5.1 ವೋಲ್ಟಿನ ಜೀನರ್ ಡಯೋಡನ್ನೂ ಜೋಡಿಸಿ, ಆರ್ಡುಯಿನೋ ಫಲಕದ ಅನಲಾಗ್ ಕಿಂಡಿಗೆ ಕೊಡಿ. ಸಾಮಾನ್ಯ ಆರ್ಡುಯಿನೋ ಊನೋ ಫಲಕ ವೋಲ್ಟೇಜನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಪುಟ್ಟ ಗೋಲಿಯೊಂದನ್ನು 5 ಸೆಂಟಿಮೀಟರ್ ಮತ್ತು 20 ಸೆಂಟಿಮೀಟರ್ ಎತ್ತರದಿಂದ ಹಲಗೆಯ ಒಂದೇ ಜಾಗಕ್ಕೆ ಬೀಳಿಸಿ, ಶಿಖರದ ಸಂಖ್ಯೆಯನ್ನು ಬರೆದುಕೊಳ್ಳಿ. ಎತ್ತರ ನಾಲ್ಕು ಪಟ್ಟಾದರೆ ಬೀಳುವ ವೇಗ ಎರಡು ಪಟ್ಟು: ಸೆಕೆಂಡಿಗೆ ಸುಮಾರು 1 ಮೀಟರ್ ಮತ್ತು 2 ಮೀಟರ್. ಓದಿದ ಸಂಖ್ಯೆಯೂ ಎರಡು ಪಟ್ಟಾಯಿತೇ? 1023ಕ್ಕೆ ಬಂದು ನಿಂತುಬಿಟ್ಟಿತೇ? ಹಾಗೆ ನಿಂತರೆ ಎತ್ತರಗಳೆರಡನ್ನೂ ಅದೇ ಅನುಪಾತದಲ್ಲಿ ತಗ್ಗಿಸಿ ನೋಡಿ. ಪ್ರತಿ ಎತ್ತರದಿಂದಲೂ ಹತ್ತು ಸಲ ಬೀಳಿಸಿ ಸರಾಸರಿ ತೆಗೆದರೆ ಅಳತೆಯ ಚದರಿಕೆಯೂ ತಿಳಿಯುತ್ತದೆ. ಗೋಲಿ ಪುಟಿದು ಬಿದ್ದಾಗಲೂ ಸ್ಪಂದ ಬರುವುದನ್ನು ಕಂಡ ವಿದ್ಯಾರ್ಥಿಗೆ ಮಾಸ್ಕ್ ಅವಧಿ ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಬಿದ್ದ ಜಾಗವನ್ನು ಬದಲಿಸಿ. ಗೋಲಿ ಬಿಲ್ಲೆಯಿಂದ ದೂರ ಬಿದ್ದರೆ ಸಂಖ್ಯೆ ತಗ್ಗುವುದು ಸಾಮಾನ್ಯ. ಅದು ಹತ್ತಿರ ಬಿದ್ದ ಮೆದು ಪೆಟ್ಟೋ, ದೂರ ಬಿದ್ದ ಜೋರು ಪೆಟ್ಟೋ ಎಂಬುದನ್ನು ಒಂದೇ ಶಿಖರದ ಅಳತೆ ಹೇಳಲಾರದು. ಬೆರಳು ಬಿದ್ದ ಜಾಗ, ಅಂಗೈಯ ಒತ್ತು ಇವುಗಳಿಂದಲೇ ಸೊಲ್ಲುಗಳು ಮೂಡುವ ಮೃದಂಗಕ್ಕೆ ಇಂಥ ಪ್ಯಾಡ್ ಬದಲಿಯಾಗದಿರುವುದು ಇದರಿಂದಲೇ. ಜಾಗವನ್ನೂ ಗುರುತಿಸಬಲ್ಲ ದುಬಾರಿ ಮಾಡ್ಯೂಲ್‌ಗಳುಂಟು. ಅವೂ ತಾವು ಅಳೆಯುವುದನ್ನಷ್ಟೇ ತಿಳಿಯಬಲ್ಲವು.

ಶಾಲೆಯಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಕಲಿಯುವ ಮಗುವಿನ ಮೆದುವಾದ ಪೆಟ್ಟು ಕೇಳಿಸದಿದ್ದರೆ, ಕೈಯನ್ನು ದೂರುವ ಮುನ್ನ ಶಿಕ್ಷಕರು ಮೆನುವಿನಲ್ಲಿ ಹೊಸ್ತಿಲು ಎಷ್ಟಿದೆ ಎಂದು ನೋಡಲಿ.