ಮಾತ್ರೆ ನುಂಗಿದ ಮರುದಿನದ ಜ್ವರ

ಆನೆಕಾಲು ರೋಗದ ಮಾತ್ರೆ ನುಂಗಿದ ಕೆಲವರಿಗೆ ಒಂದೆರಡು ದಿನದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಕಲಬುರಗಿ, ಬೀದರ್ ಕಡೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ಆ ಮಾತ್ರೆಯ ಮೇಲೆ ಇದರಿಂದ ಅನುಮಾನ ಹುಟ್ಟುವುದು ಸಹಜ. ಆದರೆ ಈ ಜ್ವರ ಬಹುಮಟ್ಟಿಗೆ ಔಷಧದ ವಿಷವಲ್ಲ, ಸಾಯುತ್ತಿರುವ ಹುಳುಗಳಿಗೆ ದೇಹ ಕೊಡುವ ಉತ್ತರ.

ಈ ರೋಗ ತರುವ ವುಚೆರೇರಿಯಾ ಹೆಣ್ಣುಹುಳು ಎಂಟು-ಹತ್ತು ಸೆಂಟಿಮೀಟರ್ ಉದ್ದದ ನೂಲಿನೆಳೆ. ದುಗ್ಧನಾಳದಲ್ಲಿ ವರ್ಷಗಟ್ಟಲೆ ಬದುಕಿ ಲಕ್ಷಾಂತರ ಮರಿಗಳನ್ನು ಹೆರುತ್ತದೆ. ಮರಿಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿ ಹೊತ್ತಿಗೆ ಚರ್ಮದ ಬಳಿ ಬರುತ್ತವೆ; ರಕ್ತದ ಮಾದರಿಯನ್ನು ರಾತ್ರಿಯೇ ತೆಗೆಯುವುದು ಅದಕ್ಕೇ. ಸೋಜಿಗವೆಂದರೆ, ರಕ್ತದ ತುಂಬ ಮರಿಗಳಿದ್ದರೂ ಹಲವರಿಗೆ ಯಾವ ತೊಂದರೆಯೂ ಕಾಣದು. ಅವರ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳಿಗೆ ಪ್ರಯೋಗಾಲಯದಲ್ಲಿ ಹುಳುವಿನ ಸಾರ ಸೋಕಿಸಿದರೂ ಅವು ಹೆಚ್ಚೇನೂ ಕೆರಳುವುದಿಲ್ಲ. ಉರಿಯೂತ ತಣಿಸುವ ಐಎಲ್-10 ಹಾಗೂ ಐಜಿಜಿ4 ಎಂಬ ಸೌಮ್ಯ ಪ್ರತಿಕಾಯ ಮಾತ್ರ ಅವರಲ್ಲಿ ಹೆಚ್ಚಿರುತ್ತವೆ. ಕಾಲು ಊದಿಕೊಂಡವರಲ್ಲಿ ಇದು ತಲೆಕೆಳಗು: ರಕ್ತದಲ್ಲಿ ಮರಿಗಳು ಸಿಗುವುದೇ ಅಪರೂಪ, ಕೋಶಗಳು ಮಾತ್ರ ಉಗ್ರವಾಗಿ ಕೆರಳುತ್ತವೆ. ಹುಳು ಉಳಿದುಕೊಳ್ಳುವುದೇ ನಮ್ಮ ರಕ್ಷಣಾ ವ್ಯವಸ್ಥೆಯನ್ನು ಸುಮ್ಮನಿರಿಸಿ.

ಈ ರೋಗಕ್ಕೆ ಕೊಡುವ ಡಿಇಸಿ ಮಾತ್ರೆ ಒಳಹೋದ ಕೆಲವೇ ಗಂಟೆಗಳಲ್ಲಿ ಹೆಚ್ಚಿನ ಮರಿಗಳು ರಕ್ತದಿಂದ ಮಾಯವಾಗುತ್ತವೆ. ಅದೇ ಔಷಧವನ್ನು ಗಾಜಿನ ತಟ್ಟೆಯಲ್ಲಿ, ರಕ್ತದಲ್ಲಿರುವಷ್ಟೇ ಪ್ರಮಾಣದಲ್ಲಿ ಹಾಕಿದರೆ ಮರಿಗಳು ಹೆಚ್ಚುಕಡಿಮೆ ಹಾಗೇ ಈಜಾಡುತ್ತಿರುತ್ತವೆ. ಅಂದಮೇಲೆ ಔಷಧ ದಾರಿ ಮಾಡಿಕೊಡುತ್ತದೆ, ಕೊಲ್ಲುವುದರಲ್ಲಿ ದೇಹದ ಪಾಲು ದೊಡ್ಡದು. ಚಿಕಿತ್ಸೆಯ ನಂತರ ಪರೀಕ್ಷಿಸಿದಾಗ ಟಿ ಕೋಶಗಳ ಮಂಕು ಭಾಗಶಃ ಹರಿದಿರುವುದೂ ಕಂಡಿದೆ.

ಜ್ವರಕ್ಕೆ ಔಷಧದ ದೋಷವೇ ಕಾರಣವಿರಬಾರದೇಕೆ ಎಂದು ಕೇಳಬಹುದು. ಹಾಗಿದ್ದರೆ ಸೋಂಕಿಲ್ಲದವರಿಗೂ ಅಷ್ಟೇ ಜ್ವರ ಬರಬೇಕಿತ್ತು. ಅವರಲ್ಲಿ ಅದು ವಿರಳ. ರಕ್ತದಲ್ಲಿ ಮರಿಗಳು ಹೆಚ್ಚಿದ್ದಷ್ಟೂ ಜ್ವರ ಜೋರು. ಆದರೂ ಇಡೀ ಜ್ವರವನ್ನು ಟಿ ಕೋಶಗಳ ಲೆಕ್ಕಕ್ಕೆ ಬರೆಯುವುದು ಅವಸರವಾದೀತು. ಹುಳುವಿನೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಹುಳು ಸತ್ತಾಗ ಅದು ಹೊರಚೆಲ್ಲಿ ಉರಿಯೂತಕ್ಕೆ ಇಂಬು ಕೊಡುತ್ತದೆ. ದೇಹ ಎಚ್ಚೆತ್ತಿತಲ್ಲ, ಮುಂದಿನ ವರ್ಷ ಮತ್ತೇಕೆ ಮಾತ್ರೆ ಎಂಬ ಪ್ರಶ್ನೆಗೆ ಉತ್ತರ ಸರಳ: ದೊಡ್ಡ ಹುಳುಗಳೆಲ್ಲ ಒಂದೇ ಬಾರಿಗೆ ಸಾಯುವುದಿಲ್ಲ, ಉಳಿದವು ಮತ್ತೆ ಮರಿ ಹಾಕುತ್ತವೆ. ಜ್ವರ ಬಂದವರ ರಕ್ತದಲ್ಲಿ ಮರಿಗಳಿದ್ದ ಸಾಧ್ಯತೆಯೇ ಹೆಚ್ಚು. ಹಾಗಾಗಿ ಮುಂದಿನ ಸುತ್ತನ್ನು ತಪ್ಪಿಸಬಾರದವರೂ ಅವರೇ. ಮಾತ್ರೆ ಕೊಡುವಾಗಲೇ ಈ ಜ್ವರದ ವಿಷಯವನ್ನು ಮುಚ್ಚಿಡದೆ ಹೇಳಬೇಕು.