ಮೊಳಕೆ ರಾಗಿಯ ಕತ್ತರಿ

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ರಾಗಿಯ ಸೀಮೆ. ಇಂಥ ಕಡೆ ಎಳೆಯ ಮಗುವಿಗೆ ಸರಿ ಉಣಿಸುವ ತಾಯಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹಿಟ್ಟು ಮಾಡುವುದುಂಟು. ಮೊಳೆಯದ ರಾಗಿಯ ಹಿಟ್ಟನ್ನು ಅಷ್ಟೇ ನೀರಿನಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಮೊಳಕೆ ರಾಗಿಯ ಸರಿಯಾದರೋ ತೆಳ್ಳಗೆ, ತುಸು ಸಿಹಿಯಾಗಿ ಇರುತ್ತದೆ. ಧಾನ್ಯವೂ ಒಲೆಯೂ ಒಂದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂದಿತು?

ರಾಗಿಯಲ್ಲಿ ಹೆಚ್ಚಾಗಿರುವುದು ಪಿಷ್ಟ. ಗ್ಲೂಕೋಸಿನ ಅಸಂಖ್ಯ ಕೊಂಡಿಗಳು ಸೇರಿದ ಸರಪಳಿಯೇ ಪಿಷ್ಟದ ಅಣು. ಒಂದು ಕೊಂಡಿಯ 1ನೆಯ ಇಂಗಾಲ ಮುಂದಿನದರ 4ನೆಯ ಇಂಗಾಲಕ್ಕೆ ಬೆಸೆದರೆ ಸರಪಳಿ ನೇರವಾಗಿ ಬೆಳೆಯುತ್ತದೆ. 6ನೆಯದಕ್ಕೆ ಬೆಸೆದಲ್ಲಿ ಕವಲೊಡೆಯುತ್ತದೆ. ನೀರು ಈ ಬಂಧಗಳನ್ನು ಬಿಡಿಸಬಲ್ಲುದಾದರೂ ಬಹು ನಿಧಾನ. ಅದಕ್ಕೆ ಕ್ರಿಯಾವರ್ಧಕದ ನೆರವು ಬೇಕು. ತಾನು ವ್ಯಯವಾಗದೆ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತುವೇ ಕ್ರಿಯಾವರ್ಧಕ.

1811ರಲ್ಲಿ ರಷ್ಯದ ಕಿರ್ಖಾಫ್ ಎಂಬ ವಿಜ್ಞಾನಿ ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಪಿಷ್ಟವನ್ನು ಕುದಿಸಿ ಸಕ್ಕರೆಯನ್ನು ಪಡೆದನು. ಆಮ್ಲಕ್ಕೆ ಆಯ್ಕೆ ಕಡಿಮೆ; ನೇರ ಬಂಧವನ್ನೂ ಕವಲಿನ ಬಂಧವನ್ನೂ ಅದು ಕಡಿಯುತ್ತದೆ. ಬಹುಕಾಲ ಕುದಿಸಿದರೆ ಉಳಿಯುವುದು ಬಹುಪಾಲು ಬಿಡಿ ಗ್ಲೂಕೋಸ್. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬುವರು ಮೊಳೆತ ಬಾರ್ಲಿಯಿಂದ ಪಿಷ್ಟವನ್ನು ಒಡೆಯುವ ವಸ್ತುವೊಂದನ್ನು ಬೇರ್ಪಡಿಸಿದರು. ಇಂಥ ಜೈವಿಕ ಕ್ರಿಯಾವರ್ಧಕಗಳನ್ನೇ ನಾವು ಕಿಣ್ವಗಳೆನ್ನುತ್ತೇವೆ.

ರಾಗಿ ಮೊಳೆಯುವಾಗಲೂ ಈ ಜಾತಿಯ ಎರಡು ಕಿಣ್ವಗಳು ಚುರುಕಾಗುತ್ತವೆ. ಆಲ್ಫಾ ಅಮೈಲೇಸ್ ಸರಪಳಿಯನ್ನು ನಡುನಡುವೆ ಕತ್ತರಿಸುತ್ತದೆ. ಆದುದರಿಂದ ಸರಿ ಬೇಗನೆ ತೆಳುವಾಗುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡು ಕೊಂಡಿಗಳನ್ನು ಕಳಚಿ ಮಾಲ್ಟೋಸ್ ಎಂಬ ಸಕ್ಕರೆಯನ್ನು ಕೊಡುತ್ತದೆ. ಸಿಹಿಗೆ ಇದು ಕಾರಣ. ಕವಲಿನ ಬಂಧವನ್ನು ಎರಡೂ ಕಡಿಯಲಾರವು. ಕಿಣ್ವದ ಮೈಯಲ್ಲಿರುವ ಬಿರುಕಿನಲ್ಲಿ ಸರಿಯಾಗಿ ಕೂರುವ ಬಂಧ ಮಾತ್ರ ಕಡಿಯುವುದೇ ಇದರ ಗುಟ್ಟು. ಹೀಗೆ ಅಣುವಿನ ಯಾವ ಸ್ಥಾನದಲ್ಲಿ ಕ್ರಿಯೆ ನಡೆಯಬೇಕೆಂಬುದನ್ನು ಕ್ರಿಯಾವರ್ಧಕವು ನಿರ್ಧರಿಸುತ್ತದೆ. ರಸಾಯನಜ್ಞರು ತಮಗೆ ಬೇಕಾದ ವಸ್ತುವನ್ನೇ ಪಡೆಯಲು ಕ್ರಿಯಾವರ್ಧಕವನ್ನು ಆರಿಸಿಕೊಳ್ಳುವುದು ಈ ತತ್ತ್ವದ ಮೇಲೆಯೇ.

ಇದರಿಂದ ಮಗುವಿಗೇನು ಲಾಭ? ಮಗುವಿನ ಹೊಟ್ಟೆ ಚಿಕ್ಕದು. ಗಟ್ಟಿ ಸರಿಯನ್ನು ಅದು ನುಂಗಲಾರದು. ನೀರು ಹೆಚ್ಚಿಸಿದರೆ ಆಹಾರ ಕಡಿಮೆಯಾಗುತ್ತದೆ. ಮೊಳಕೆ ರಾಗಿಯ ಸರಿ ಆಹಾರವನ್ನು ಕಳೆದುಕೊಳ್ಳದೆ ತೆಳುವಾಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ರಾಗಿಯ ಈ ಗುಣವನ್ನು ಅಭ್ಯಸಿಸಿ ಶಿಶು ಆಹಾರಕ್ಕೆ ಬಳಸಿದೆ.

ಆದರೆ ಒಂದು ಎಚ್ಚರಿಕೆ. ಮೊಳಕೆ ರಾಗಿಯನ್ನು ಕಪ್ಪಾಗುವಂತೆ ಹುರಿದರೆ ಕಿಣ್ವ ಕೆಡುತ್ತದೆ. ಸರಿ ಮತ್ತೆ ಗಟ್ಟಿಯಾಗುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಮೆಲ್ಲಗೆ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಬೇಕು. ಕತ್ತರಿಗೆ ಕೆಲಸ ಮಾಡಲು ಅಷ್ಟು ಕಾಲಾವಕಾಶ ಕೊಡುವುದು ಅಡುಗೆಯವರ ಜಾಣ್ಮೆ.